ಆಂಟಿ-ರೋಲ್ ಬಾರ್ ಬದಲಿಸಬೇಕಾ? ಮೊದಲು ಕಾರಿನ ಕೆಳಗೆ ಮಲಗಿ ನೋಡಿ

ಎಡ ಬಲ ಚಕ್ರಗಳನ್ನು ಕಾರಿನ ಕೆಳಗೆ ಜೋಡಿಸುವ, ಕಾರು ವಾಲದಂತೆ ತಡೆಯುವ ಉಕ್ಕಿನ ಸರಳೇ ಆಂಟಿ-ರೋಲ್ ಬಾರ್. ಅದನ್ನು ದಪ್ಪನೆಯದು ಹಾಕಿಸಿದರೆ ಕಾರು ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ, ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ಒಳಗೆ ಬರುತ್ತದೆ. ಇದು ನಿಜ. ಸಸ್ಪೆನ್ಷನ್‌ಗೆ ಮಾಡಬಹುದಾದ ಬದಲಾವಣೆಗಳಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಫಲ ಕೊಡುವುದು ಇನ್ನೊಂದಿಲ್ಲ ಅಂತಲೇ ನನ್ನ ಅಭಿಪ್ರಾಯ. ಸ್ಪ್ರಿಂಗ್ ಮುಟ್ಟಬೇಕಾಗಿಲ್ಲ, ಕಾರನ್ನು ತಗ್ಗಿಸಬೇಕಾಗಿಲ್ಲ, ಹಂಪ್‌ಗೆ ಹೊಟ್ಟೆ ತಾಗುವ ಚಿಂತೆಯೂ ಇಲ್ಲ. ಆದರೆ ಆರ್ಡರ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಕಾರಿನ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಈಗಿರುವ ಬಾರ್ ಹೇಗಿದೆ ನೋಡಿ.

ಯಾಕೆ ಅಂದರೆ ನಮ್ಮ ಕಡೆ ನಾಲ್ಕೈದು ವರ್ಷ ಓಡಿದ ಕಾರುಗಳಲ್ಲಿ ಬಾರ್ ಕಬ್ಬಿಣ ಗಟ್ಟಿಯಾಗಿಯೇ ಇರುತ್ತದೆ, ಅದನ್ನು ಹಿಡಿದುಕೊಂಡ ರಬ್ಬರ್ ಬುಶ್ ಸತ್ತುಹೋಗಿರುತ್ತದೆ. ಒಳ್ಳೆಯ ಬುಶ್ ಬಾರಿನ ಸುತ್ತ ಬಿಗಿಯಾಗಿ ಕಚ್ಚಿಕೊಂಡಿರಬೇಕು. ಸವೆದ ಬುಶ್‌ನ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ, ಒಂದು ಬದಿಯಲ್ಲಿ ಉಗುರು ತೂರುವಷ್ಟು ಸಂದಿ ಕಾಣುತ್ತದೆ, ಅದೇ ಜಾಗದಲ್ಲಿ ಬಾರಿನ ಬಣ್ಣ ಕಿತ್ತು ಉಕ್ಕು ಹೊಳೆಯುತ್ತಿರುತ್ತದೆ. ಆ ಸಂದಿ ತುಂಬುವವರೆಗೂ ಬಾರ್ ಕೆಲಸ ಶುರುವೇ ಮಾಡುವುದಿಲ್ಲ, ಅಷ್ಟರಲ್ಲಿ ಕಾರು ವಾಲಿ ಆಗಿರುತ್ತದೆ. ಆಮೇಲೆ ಬಾರಿನ ತುದಿಗಳಲ್ಲಿರುವ ಲಿಂಕ್ ನೋಡಿ. ಗ್ಯಾರೇಜಿನಲ್ಲಿ ಇದಕ್ಕೆ ಸ್ಟೆಬಿಲೈಸರ್ ಲಿಂಕ್ ಅನ್ನುತ್ತಾರೆ, ಅಂಗಡಿಯಲ್ಲಿ ಹಾಗೆ ಕೇಳಿದರೆ ಬೇಗ ಸಿಗುತ್ತದೆ. ಎರಡೂ ತುದಿಯಲ್ಲಿ ಪುಟ್ಟ ಬಾಲ್ ಜಾಯಿಂಟ್ ಇರುತ್ತದೆ, ಮೇಲೆ ರಬ್ಬರ್ ಟೋಪಿ. ಟೋಪಿ ಹರಿದು ಗ್ರೀಸ್ ಜೊತೆ ಕೆಮ್ಮಣ್ಣು ಕಲಸಿಕೊಂಡಿದ್ದರೆ ಆ ಲಿಂಕ್ ಕಥೆ ಮುಗಿದ ಹಾಗೆ. ಕಿತ್ತುಹೋದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಕೆಳಗಿನಿಂದ ಲೊಡಲೊಡ ಸದ್ದು ಬರುತ್ತದೆ ಅಲ್ವಾ, ಬಹಳ ಸಲ ಅದು ಇದರದ್ದೇ.

ಟೈರ್ ಕೂಡ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಅಚ್ಚಾಗಿರುತ್ತದೆ, 3219 ಅಂದರೆ 2019ರ 32ನೇ ವಾರ ತಯಾರಾದದ್ದು. ಗಟ್ಟಿಯಾಗಿ ಬಿರುಕು ಬಿಟ್ಟ ಟೈರಿಗೆ ಎಂಥ ಬಾರ್ ಹಾಕಿದರೂ ಹಿಡಿತ ಬರುವುದಿಲ್ಲ. ಮೊದಲು ಹೊಸ ಬುಶ್, ಹೊಸ ಲಿಂಕ್, ಸರಿಯಾದ ಗಾಳಿ, ಒಳ್ಳೆಯ ಟೈರ್. ಇಷ್ಟು ಮಾಡಿ ಒಂದು ತಿಂಗಳು ಓಡಿಸಿ. ಕೆಲವರಿಗೆ ಅಲ್ಲಿಗೇ ಸಮಾಧಾನವಾಗುತ್ತದೆ. ಇನ್ನೂ ಬೇಕು ಅನ್ನಿಸಿದರೆ ಮುಂದೆ ಓದಿ.

ಬಾರ್ ನಿಜವಾಗಿ ಮಾಡುವುದೇನು

ಅದು ಯು ಆಕಾರಕ್ಕೆ ಬಗ್ಗಿಸಿದ ಸ್ಪ್ರಿಂಗ್ ಸ್ಟೀಲ್ ಸರಳು, ಅಷ್ಟೇ. ನಡುಭಾಗ ಎರಡು ಬುಶ್‌ಗಳಲ್ಲಿ ಕೂತು ಸಬ್‌ಫ್ರೇಮ್‌ಗೆ, ಅಂದರೆ ಸಸ್ಪೆನ್ಷನ್ ಹೊತ್ತ ತಳದ ಉಕ್ಕಿನ ಚೌಕಟ್ಟಿಗೆ, ಸೇರಿಕೊಂಡಿರುತ್ತದೆ. ಎರಡು ತುದಿಗಳು ಲಿಂಕ್ ಮೂಲಕ ಎಡ ಬಲ ಚಕ್ರಗಳ ಸಸ್ಪೆನ್ಷನ್‌ಗೆ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗ ಬಾರ್ ಬುಶ್‌ನೊಳಗೆ ಸುಮ್ನೆ ತಿರುಗುತ್ತದೆ. ಒಂದು ಚಕ್ರ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೋದಾಗ ಮಾತ್ರ ಅದು ತಿರುಚಿಕೊಳ್ಳುತ್ತದೆ, ಇಬ್ಬರು ಎರಡು ತುದಿ ಹಿಡಿದು ಒದ್ದೆ ಪಂಚೆ ಹಿಂಡಿದ ಹಾಗೆ. ತಿರುಚಿದ ಉಕ್ಕು ವಾಪಸ್ ನೇರವಾಗಲು ನೋಡುತ್ತದೆ, ಆ ಬಲವೇ ಕಾರು ವಾಲುವುದನ್ನು ತಡೆಯುತ್ತದೆ.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಇದರ ಮುಂದಿನ ಮಾತು ಬಹಳ ಜನರಿಗೆ ಗೊತ್ತಿಲ್ಲ, ಬಾರ್ ಆರಿಸುವುದಕ್ಕೆ ಬೇಕಾದದ್ದೂ ಅದೇ. ಬಾರ್ ಹಿಡಿತವನ್ನು ಹುಟ್ಟಿಸುವುದಿಲ್ಲ. ಇರುವ ಹಿಡಿತವನ್ನು ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಹಂಚುತ್ತದೆ.

ಒಂದು ಲೆಕ್ಕ ಹಾಕೋಣ. ಕಾರು, ಡ್ರೈವರ್ ಸೇರಿ 1,400 ಕೆಜಿ. ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಮೇಲೆ. ಎಡ ಬಲ ಚಕ್ರಗಳ ನಡುವೆ 1.54 ಮೀಟರ್. ತಿರುವಿನಲ್ಲಿ ಅರ್ಧ ಜಿ ಬಲ, ಅಂದರೆ ಕಾರಿನ ತೂಕದ ಅರ್ಧದಷ್ಟು ಬಲ, ಪಕ್ಕಕ್ಕೆ ಬಿದ್ದಾಗ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಹೆಚ್ಚುಕಮ್ಮಿ 250 ಕೆಜಿ ಭಾರ ಸರಿಯುತ್ತದೆ. 1,400ರ ಅರ್ಧವನ್ನು 0.55ರಿಂದ ಗುಣಿಸಿ 1.54ರಿಂದ ಭಾಗಿಸಿ, ಬರುತ್ತದೆ. ಈ ಲೆಕ್ಕದಲ್ಲಿ ಬಾರ್ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಎಷ್ಟೇ ದಪ್ಪ ಬಾರ್ ಹಾಕಿದರೂ ಆ 250 ಕೆಜಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರಲ್ಲಿ ಮುಂದಿನ ಎರಡು ಟೈರ್ ಎಷ್ಟು ಹೊರಬೇಕು, ಹಿಂದಿನ ಎರಡು ಎಷ್ಟು ಅನ್ನುವುದು ಮಾತ್ರ ಬಾರ್‌ಗಳ ಕೈಯಲ್ಲಿದೆ. ಯಾವ ಕಡೆ ಬಾರ್ ಗಟ್ಟಿಯೋ ಆ ಕಡೆ ಜಾಸ್ತಿ ಸರಿಯುತ್ತದೆ.

ಈಗ ಟೈರಿನ ಗುಣ ನೋಡಿ. ಮೇಲಿನ ಭಾರ ಎರಡು ಪಟ್ಟಾದರೆ ಅದರ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ. ಹೀಗಾಗಿ ಹೊರ ಟೈರಿಗೆ ಜಾಸ್ತಿ, ಒಳ ಟೈರಿಗೆ ಕಡಿಮೆ ಭಾರ ಬಿದ್ದ ಜೋಡಿ ಒಟ್ಟಾರೆ ಹಿಡಿತ ಕಳೆದುಕೊಳ್ಳುತ್ತದೆ. ನಮ್ಮ ಬಹುಪಾಲು ಕಾರುಗಳು ಮುಂದಿನ ಚಕ್ರ ಎಳೆಯುವಂಥವು, ಎಂಜಿನ್ನು ಗೇರ್‌ಬಾಕ್ಸು ಎಲ್ಲ ಮೂತಿಯಲ್ಲೇ. ಮುಂದಿನ ಟೈರುಗಳು ಎಳೆಯಬೇಕು, ತಿರುಗಬೇಕು, ಭಾರವನ್ನೂ ಹೊರಬೇಕು. ಅದಕ್ಕೇ ಜೋರಾಗಿ ತಿರುವಿಗೆ ಹೋದರೆ ಮೂತಿ ಹೊರಗೆ ಹೋಗುತ್ತದೆ, ಸ್ಟೀರಿಂಗ್ ಇನ್ನಷ್ಟು ತಿರುಗಿಸಿದರೂ ಮಾತು ಕೇಳುವುದಿಲ್ಲ. ಇದೇ ಅಂಡರ್‌ಸ್ಟಿಯರ್. ಕಂಪನಿಗಳು ಬೇಕಂತಲೇ ಹೀಗೆ ಇಟ್ಟಿರುತ್ತವೆ, ಗಾಬರಿಯಾದ ಡ್ರೈವರ್ ಕಾಲು ತೆಗೆದರೆ ಕಾರು ತಾನಾಗಿ ಸಾಲಿಗೆ ಬರಲಿ ಅಂತ.

ಹಾಗಾದರೆ ಇಂಥ ಕಾರಿಗೆ ಯಾವ ಬಾರ್ ದಪ್ಪ ಮಾಡಬೇಕು? ಹಿಂದಿನದು. ಹಿಂದಿನ ಜೋಡಿ ಜಾಸ್ತಿ ಭಾರ ತೆಗೆದುಕೊಂಡರೆ ಮುಂದಿನ ಜೋಡಿಗೆ ಉಸಿರು ಬರುತ್ತದೆ. ತುಂಬಾ ಜನ ಮುಂದಿನ ಬಾರನ್ನೇ ಮೊದಲು ದಪ್ಪ ಮಾಡಿಸುತ್ತಾರೆ, ವಾಲುವುದು ನಿಂತಿತು ಅಂತ ಖುಷಿಪಡುತ್ತಾರೆ, ಮೂತಿ ಮೊದಲಿಗಿಂತ ಜಾಸ್ತಿ ಹೊರಗೆ ಹೋಗುವುದು ಮಳೆಗಾಲದಲ್ಲಿ ಗೊತ್ತಾಗುತ್ತದೆ. ಒಂದು ಮಾತು ಇಲ್ಲಿ ಸೇರಿಸಲೇಬೇಕು. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್) ಇರುವ ಕಾರು ವಾಲಿದಾಗ ಹೊರಗಿನ ಟೈರ್ ನೆಲಕ್ಕೆ ಓರೆಯಾಗಿ ನಿಲ್ಲುತ್ತದೆ, ಅಂಚಿನ ಮೇಲೆ ಓಡುತ್ತದೆ. ತೀರಾ ವಾಲುವ ಕಾರಿನಲ್ಲಿ ಮುಂದಿನ ಬಾರ್ ಸ್ವಲ್ಪ ಗಟ್ಟಿ ಮಾಡಿದರೆ ಟೈರ್ ನೆಟ್ಟಗೆ ನಿಂತು ಹಿಡಿತ ಹೆಚ್ಚುವುದೂ ಉಂಟು. ಆದರೂ ಮೊದಲು ಹಿಂದಿನದು ಬದಲಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನ ಯೋಚನೆ.

ಹಿಂದಿನ ಚಕ್ರ ಓಡಿಸುವ ಕಾರುಗಳಲ್ಲಿ ಇದು ತಲೆಕೆಳಗು. ಅಲ್ಲಿ ಹಿಂದಿನ ಬಾರ್ ತೀರಾ ಗಟ್ಟಿಯಾದರೆ ಒಳಗಿನ ಹಿಂದಿನ ಚಕ್ರ ಹಗುರಾಗಿ, ಆಕ್ಸಲರೇಟರ್ ಒತ್ತಿದಾಗ ಸುಮ್ಮನೆ ಗಿರಗಿರ ತಿರುಗುತ್ತದೆ, ಬಾಲ ಹೊರಗೆ ಹೋಗುತ್ತದೆ. ಅಂಥ ಕಾರಿಗೆ ಸಾಮಾನ್ಯವಾಗಿ ಮುಂದಿನಿಂದ ಶುರು ಮಾಡಬೇಕು. ಕಾಡುದಾರಿ, ಹಳ್ಳಕೊಳ್ಳಕ್ಕೆ ಹೋಗುವ ಜೀಪುಗಳಿಗಂತೂ ದಪ್ಪ ಬಾರ್ ಬೇಡವೇ ಬೇಡ. ಅಲ್ಲಿ ಒಂದು ಚಕ್ರ ಗುಂಡಿಗಿಳಿದು ಇನ್ನೊಂದು ಬಂಡೆ ಹತ್ತಬೇಕು. ಜೀಪ್ ರ‍್ಯಾಂಗ್ಲರ್ ರುಬಿಕಾನ್‌ನಲ್ಲಿ ಮುಂದಿನ ಬಾರನ್ನು ಗುಂಡಿ ಒತ್ತಿ ಬಿಡಿಸುವ ಏರ್ಪಾಡನ್ನು ಕಂಪನಿಯೇ ಕೊಡುವುದು ಇದೇ ಕಾರಣಕ್ಕೆ.

ನಿಮ್ಮ ಕಾರಿನ ಹಿಂದೆ ಏನಿದೆ

ಇದನ್ನು ತಿಳಿಯದೆ ಪಾರ್ಟ್ ಹುಡುಕಬೇಡಿ. ಸ್ವಿಫ್ಟ್, ಪೋಲೋ, ಐ20 ತರಹದ ಹ್ಯಾಚ್‌ಬ್ಯಾಕ್‌ಗಳ ಹಿಂದೆ ಟಾರ್ಷನ್ ಬೀಮ್ ಇರುತ್ತದೆ, ಎಡದಿಂದ ಬಲಕ್ಕೆ ಅಡ್ಡ ಮಲಗಿದ ದಪ್ಪ ತೊಲೆ. ಕಾರು ವಾಲಿದಾಗ ಆ ತೊಲೆಯೇ ತಿರುಚಿಕೊಂಡು ಆಂಟಿ-ರೋಲ್ ಬಾರಿನ ಕೆಲಸ ಮಾಡುತ್ತದೆ. ಬದಲಿಸಲು ಬೇರೆ ಬಾರ್ ಇರುವುದಿಲ್ಲ, ಹೆಚ್ಚುವರಿ ಬಾರೊಂದನ್ನು ತೊಲೆಗೆ ಬೋಲ್ಟ್ ಹಾಕಿ ಕೂರಿಸಬೇಕು. ಬೋಲ್ಟ್ ಹಾಕುವ ಕಿಟ್ ಮಾತ್ರ ತೆಗೆದುಕೊಳ್ಳಿ. ಯಾರಾದರೂ ತೊಲೆಗೆ ಪೈಪ್ ವೆಲ್ಡ್ ಮಾಡಿಕೊಡುತ್ತೇನೆ ಅಂದರೆ ಒಪ್ಪಲೇಬೇಡಿ. ಆ ಉಕ್ಕು ದಿನವಿಡೀ ತಿರುಚುತ್ತಾ ಬಿಡುತ್ತಾ ಇರುವಂಥದ್ದು. ವೆಲ್ಡಿಂಗ್ ಶಾಖಕ್ಕೆ ಅದರ ಬಲ ಕೆಡುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಹಿಂದೆ ಪ್ರತಿ ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಇರುವ ಕಾರಾದರೆ ಕೆಲಸ ಸಲೀಸು. ಉದಾಹರಣೆಗೆ ನಮ್ಮಲ್ಲಿ ಲಾರಾ ಹೆಸರಿನಲ್ಲಿ ಮಾರಾಟವಾದ ಎರಡನೇ ತಲೆಮಾರಿನ ಸ್ಕೋಡಾ ಆಕ್ಟೇವಿಯಾ. ಅದರ ತಳಪಾಯ ಐದನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್‌ನದೇ, ಹಿಂದೆ ಮಲ್ಟಿ-ಲಿಂಕ್, ಅಂದರೆ ಪ್ರತಿ ಚಕ್ರವನ್ನೂ ಹಲವು ತೋಳುಗಳು ಹಿಡಿದಿರುವ ಸಸ್ಪೆನ್ಷನ್. ಗಾಲ್ಫ್ ಜಗತ್ತಿನಾದ್ಯಂತ ಓಡುವುದರಿಂದ ಜರ್ಮನಿಯ ಐಬಾಕ್, ಎಚ್ ಅಂಡ್ ಆರ್, ಆಸ್ಟ್ರೇಲಿಯಾದ ವೈಟ್‌ಲೈನ್ ಎಲ್ಲರೂ ಆ ತಳಪಾಯಕ್ಕೆ ಬಾರ್ ಮಾಡುತ್ತಾರೆ. ನಿಮ್ಮ ಕಾರಿಗೆ ಇಂಥ ದೊಡ್ಡ ಸಂಬಂಧಿಕರಿದ್ದಾರಾ ಅಂತ ಹುಡುಕಿ. ಅದೇ ಕಾರಿನ ಜಾಸ್ತಿ ಪವರ್ ಮಾಡೆಲ್‌ಗೆ ಕಂಪನಿಯೇ ಹಾಕಿದ ದಪ್ಪ ಬಾರ್ ನಿಮ್ಮದಕ್ಕೂ ಕೂರುತ್ತದೆ ಅಂತಾದರೆ ಅದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ, ಕಂಪನಿಯ ಎಂಜಿನಿಯರ್‌ಗಳೇ ಪರೀಕ್ಷೆ ಮಾಡಿದ್ದು.

ಎಷ್ಟು ದಪ್ಪ

ಬಾರಿನ ಗಡಸು ಅದರ ವ್ಯಾಸದ ನಾಲ್ಕನೇ ಘಾತದ ಪ್ರಕಾರ, ಅಂದರೆ ವ್ಯಾಸ × ವ್ಯಾಸ × ವ್ಯಾಸ × ವ್ಯಾಸದ ಲೆಕ್ಕದಲ್ಲಿ, ಏರುತ್ತದೆ. 20 ಎಂ.ಎಂ.ನಿಂದ 22ಕ್ಕೆ ಹೋದರೆ ಕೈಯಲ್ಲಿ ಹಿಡಿದಾಗ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಗಡಸು ಮಾತ್ರ ಶೇಕಡಾ 46 ಜಾಸ್ತಿ. 19ರಿಂದ 22ಕ್ಕೆ ಹೋದರೆ ಸುಮಾರು 1.8 ಪಟ್ಟು. ಆದ್ದರಿಂದ ಬರೀ ಮೂರು ಎಂ.ಎಂ. ಅಲ್ವಾ ಅಂತ ಅಂದುಕೊಳ್ಳಬೇಡಿ. ಈಗಿರುವ ಬಾರನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ, ಬಣ್ಣ ಉದುರದ ಶುದ್ಧ ಜಾಗದಲ್ಲಿ. ತುಕ್ಕಿನ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ.

ಕೆಲವು ಬಾರ್ ಟೊಳ್ಳಾಗಿರುತ್ತವೆ. ಹೊರಗೆ 24 ಎಂ.ಎಂ., ಒಳಗೆ 16 ಎಂ.ಎಂ. ತೂತಿನ ಬಾರ್ ತೆಗೆದುಕೊಳ್ಳಿ. ಗಟ್ಟಿ ಸರಳಿನ ಗಡಸಿನಲ್ಲಿ ಶೇಕಡಾ 80 ಉಳಿದಿರುತ್ತದೆ, ತೂಕ ಮಾತ್ರ ಶೇಕಡಾ 44 ಕಡಿಮೆ. ತಿರುಚುವ ಬಲವನ್ನು ಬಹುಪಾಲು ಹೊರಮೈಯೇ ತಡೆಯುವುದರಿಂದ ಹೀಗಾಗುತ್ತದೆ. ಅಂದರೆ ಟೊಳ್ಳು ಬಾರಿನ ಹೊರ ಅಳತೆಯನ್ನು ಗಟ್ಟಿ ಬಾರಿನ ಅಳತೆಯ ಪಕ್ಕ ಇಟ್ಟು ಹೋಲಿಸಬಾರದು.

ತುದಿಯಲ್ಲಿ ಎರಡು ಮೂರು ತೂತು ಇರುವ ಬಾರ್ ಸಿಕ್ಕರೆ ಅದನ್ನೇ ಕೊಳ್ಳಿ, ಸ್ವಲ್ಪ ದುಡ್ಡು ಜಾಸ್ತಿಯಾದರೂ ಸರಿ. ಲಿಂಕ್ ಯಾವ ತೂತಿಗೆ ಹಾಕುತ್ತೀರೋ ಅದರ ಮೇಲೆ ತೋಳಿನ ಉದ್ದ ಬದಲಾಗುತ್ತದೆ. ತೀರಾ ತುದಿಯ ತೂತು ಮೆದು, ಬಾಗಿನ ಹತ್ತಿರದ ತೂತು ಗಟ್ಟಿ. ಒಂದೇ ಬಾರಿನಲ್ಲಿ ಎರಡು ಮೂರು ಬಾರ್ ಸಿಕ್ಕಿದ ಹಾಗೆ.

ದಿನಾ ಆಫೀಸಿಗೆ ಹೋಗುವ, ರಜೆಯಲ್ಲಿ ಘಟ್ಟ ಇಳಿಯುವ ಕಾರಿಗೆ ಹಿಂದಿನ ಬಾರ್ ಮೂಲದ ಒಂದೂವರೆಯಿಂದ ಎರಡು ಪಟ್ಟು ಗಟ್ಟಿ ಇದ್ದರೆ ಧಾರಾಳ ಅನ್ನುವುದು ನನ್ನ ಅನುಭವ. ವಾಲುವುದನ್ನು ಸ್ಪ್ರಿಂಗ್‌ಗಳೂ ತಡೆಯುತ್ತಿರುತ್ತವೆ, ಹಾಗಾಗಿ ಬಾರ್ ಎರಡು ಪಟ್ಟಾದರೆ ಕಾರು ಅರ್ಧಕ್ಕರ್ಧ ಕಡಿಮೆ ವಾಲುತ್ತದೆ ಅಂತಲ್ಲ. ಎರಡು ಪಟ್ಟಿಗಿಂತ ಗಟ್ಟಿ ಹೋದರೆ ನಮ್ಮ ರಸ್ತೆಯಲ್ಲಿ ಸೊಂಟ ಹಿಡಿಯುತ್ತದೆ. ಅಡ್ಡಡ್ಡ ಹಾಕಿದ ಹಂಪ್‌ಗೆ ಬಾರ್ ಅಡ್ಡಿ ಮಾಡುವುದಿಲ್ಲ, ಆದರೆ ಗುಂಡಿ ಯಾವತ್ತೂ ಒಂದೇ ಚಕ್ರಕ್ಕೆ ಸಿಗುತ್ತದೆ. ಬಾರ್ ಗಟ್ಟಿಯಾದಷ್ಟೂ ಎಡ ಚಕ್ರದ ಪೆಟ್ಟು ಬಲಕ್ಕೂ ದಾಟುತ್ತದೆ, ಒಳಗೆ ಕೂತವರ ತಲೆ ಆಚೆ ಈಚೆ ಅಲ್ಲಾಡುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಓಡಿಸುವವರು ಮೆದು ಬಾರ್ ಇಟ್ಟುಕೊಳ್ಳುವುದು ಇದಕ್ಕೇ, ಪ್ರತಿ ಚಕ್ರವೂ ತನ್ನಷ್ಟಕ್ಕೆ ನೆಲ ಹುಡುಕಿಕೊಳ್ಳಬೇಕು.

ಹಿಂದಿನ ಬಾರ್ ಕೂರಿಸುವುದು

ಸ್ವತಂತ್ರ ಸಸ್ಪೆನ್ಷನ್ ಇರುವ ಕಾರಿನ ಹಿಂದಿನ ಬಾರನ್ನು ಮನೆಯಲ್ಲೇ ಬದಲಿಸಬಹುದು. ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್, ಅಲನ್ ಕೀ ಮತ್ತು ಟಾರ್ಕ್ಸ್ ಬಿಟ್, ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ಬಿಗಿಮಾಡುವ ಸ್ಪ್ಯಾನರ್), ಗಟ್ಟಿ ಜಾಕ್, ಎರಡು ಜಾಕ್ ಸ್ಟ್ಯಾಂಡ್ ಬೇಕು. ಹೊಸ ಲಿಂಕ್ ಜೊತೆಗೇ ತರಿಸಿ, ಹಳೆಯದನ್ನು ಮತ್ತೆ ಹಾಕಬೇಡಿ. ಹಿಂದಿನ ದಿನ ಸಂಜೆ ಎಲ್ಲ ನಟ್‌ಗಳಿಗೂ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಬಿಡಿ, ಮಂಗಳೂರು, ಉಡುಪಿ, ಕಾರವಾರ ಕಡೆಯ ಕಾರಾದರೆ ಎರಡು ದಿನ ಮೊದಲೇ ಶುರು ಮಾಡಿ. ಕಡಲ ಗಾಳಿಗೆ ನಟ್ಟು ಬೋಲ್ಟು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ಕಾರು ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಹಿಂಭಾಗವನ್ನು ಎತ್ತಿ ಎರಡೂ ಬದಿಗೆ ಸ್ಟ್ಯಾಂಡ್ ಕೊಡಿ, ಎರಡೂ ಒಂದೇ ಎತ್ತರಕ್ಕೆ. ಇಟ್ಟಿಗೆ, ಕಲ್ಲು, ಸ್ಟೆಪ್ನಿ ಯಾವುದರ ಮೇಲೂ ಕಾರು ನಿಲ್ಲಿಸಿ ಕೆಳಗೆ ಹೋಗಬೇಡಿ, ಬರೀ ಜಾಕ್ ನಂಬಿಯಂತೂ ಬೇಡವೇ ಬೇಡ. ಒಂದೇ ಬದಿ ಎತ್ತಿದರೆ ಇನ್ನೊಂದು ತೊಂದರೆಯೂ ಇದೆ. ಬಾರ್ ತಿರುಚಿಕೊಂಡೇ ಇರುತ್ತದೆ, ಲಿಂಕ್ ನಟ್ ಬಿಡಿಸಿದ ಕ್ಷಣ ತುದಿ ಚಿಮ್ಮಿ ಕೈಗೆ ಬಡಿಯುತ್ತದೆ.

ಲಿಂಕ್ ನಟ್ ಬಿಡಿಸುವಾಗ ಒಳಗಿನ ಬಾಲ್ ಜೊತೆಗೇ ತಿರುಗುತ್ತಿರುತ್ತದೆ, ನಟ್ ಕಳಚುವುದೇ ಇಲ್ಲ. ಬಾಲ್ ಕಡ್ಡಿಯ ತುದಿಯಲ್ಲಿ ಅಲನ್ ಕೀ ಅಥವಾ ಟಾರ್ಕ್ಸ್ ಬಿಟ್ ಕೂರುವ ಸಣ್ಣ ತೂತು ಇರುತ್ತದೆ. ಅದರೊಳಗಿನ ಮಣ್ಣನ್ನು ಸೂಜಿಯಿಂದ ಚೆನ್ನಾಗಿ ಕೆದಕಿ ತೆಗೆಯಿರಿ, ಬಿಟ್ಟನ್ನು ತುದಿಯವರೆಗೂ ತೂರಿಸಿ ಹಿಡಿದುಕೊಂಡು ರಿಂಗ್ ಸ್ಪ್ಯಾನರ್‌ನಿಂದ ನಟ್ ತಿರುಗಿಸಿ. ಮಣ್ಣು ತೆಗೆಯದೆ ಅವಸರ ಮಾಡಿದರೆ ತೂತಿನ ಮೂಲೆಗಳು ಉರುಟಾಗುತ್ತವೆ, ಆಮೇಲೆ ಕತ್ತರಿಸುವುದೇ ದಾರಿ. ಎರಡೂ ಲಿಂಕ್ ಬಿಟ್ಟ ಮೇಲೆ ಸಬ್‌ಫ್ರೇಮ್ ಮೇಲಿನ ಕ್ಲಾಂಪ್ ಬೋಲ್ಟ್‌ಗಳು. ಕೆಲವು ಕಾರಿನಲ್ಲಿ ಬಾರ್ ಹೊರಗೆಳೆಯಲು ಸೈಲೆನ್ಸರ್ ಅಡ್ಡ ಬರುತ್ತದೆ, ಅದರ ರಬ್ಬರ್ ಹ್ಯಾಂಗರ್ ಕಳಚಿ ಸ್ವಲ್ಪ ಕೆಳಗೆ ಇಳಿಬಿಡಿ, ತಂತಿ ಕಟ್ಟಿ ಆಧಾರ ಕೊಡಿ. ಹಳೆಯ ಬಾರ್ ಹೊರಗೆ ತೆಗೆಯುವ ಮುಂಚೆ ಮೊಬೈಲ್‌ನಲ್ಲಿ ನಾಲ್ಕು ಫೋಟೋ ತೆಗೆದುಕೊಳ್ಳಿ. ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಬಾರಿನ ಮೇಲಿಂದ ಹೋಗಿವೆಯಾ ಕೆಳಗಿನಿಂದಲಾ ಅನ್ನುವುದು ಒಂದು ಗಂಟೆಯ ನಂತರ ನೆನಪಿರುವುದಿಲ್ಲ.

ಹೊಸ ಬಾರ್ ಜೊತೆ ಬರುವ ಬುಶ್ ಹೆಚ್ಚಾಗಿ ಪಾಲಿಯುರೇಥೇನ್‌ನದು, ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್, ಗ್ಯಾರೇಜಿನಲ್ಲಿ ಪಾಲಿ ಬುಶ್ ಅನ್ನುತ್ತಾರೆ. ಅದಕ್ಕೆ ಕಿಟ್‌ನಲ್ಲಿ ಪುಟ್ಟ ಗ್ರೀಸ್ ಪೊಟ್ಟಣ ಕೊಟ್ಟಿರುತ್ತಾರೆ, ಅದನ್ನೇ ಹಚ್ಚಿ, ಒಳಮೈಗೆಲ್ಲ ತಾಗುವಂತೆ ಧಾರಾಳವಾಗಿ. ಮೂಲ ರಬ್ಬರ್ ಬುಶ್ ಆದರೆ ಗ್ರೀಸ್ ಮುಟ್ಟಿಸಲೇಬೇಡಿ, ಪೆಟ್ರೋಲಿಯಂ ಗ್ರೀಸಿಗೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಕೂರಿಸುವಾಗ ಜಾರಲು ಸ್ವಲ್ಪ ಸೋಪು ನೀರು ಸಾಕು.

ಕ್ಲಾಂಪ್ ಬೋಲ್ಟ್ ಮೊದಲು ಕೈಯಲ್ಲೇ ಸಡಿಲವಾಗಿ ಹಾಕಿ. ಬಾರ್ ಎಡ ಬಲಕ್ಕೆ ಸಮವಾಗಿ ಬಂದಿದೆಯಾ ಅಳೆದು, ಕಿಟ್‌ನಲ್ಲಿ ಪಕ್ಕಕ್ಕೆ ಜಾರದಂತೆ ತಡೆಯುವ ಬಳೆ ಕೊಟ್ಟಿದ್ದರೆ ಬುಶ್‌ನಿಂದ ಒಂದೆರಡು ಎಂ.ಎಂ. ಬಿಟ್ಟು ಬಿಗಿ ಮಾಡಿ. ಆಮೇಲೆ ಕ್ಲಾಂಪ್ ಬಿಗಿ. ಲಿಂಕ್ ಜೋಡಿಸುವ ಮುಂಚೆ ಬಾರಿನ ತುದಿ ಹಿಡಿದು ಮೇಲಕ್ಕೆತ್ತಿ ಕೈ ಬಿಡಿ. ಸರಿಯಾಗಿ ಕೂತ ಬಾರ್ ತನ್ನ ತೂಕಕ್ಕೆ ನಿಧಾನವಾಗಿ ಕೆಳಗಿಳಿಯುತ್ತದೆ. ಎತ್ತಿದಲ್ಲೇ ನಿಂತರೆ ಬುಶ್ ತುಂಬಾ ಬಿಗಿಯಾಗಿದೆ, ಇಲ್ಲವೇ ಅಳತೆ ತಪ್ಪಿದೆ, ಇಲ್ಲವೇ ಗ್ರೀಸ್ ಸಾಲದು. ಹಾಗೇ ಬಿಟ್ಟರೆ ಎರಡೂ ಚಕ್ರ ಒಟ್ಟಿಗೆ ಹತ್ತುವ ಹಂಪ್‌ಗೂ ಬಾರ್ ಸೆಟೆದು ನಿಲ್ಲುತ್ತದೆ, ಸವಾರಿ ಕಲ್ಲಿನ ಹಾಗಾಗುತ್ತದೆ. ತುಂಬಾ ಜನ ಬಾರ್ ಗಟ್ಟಿ ಅಂತ ದೂರುವುದು ಈ ಸಿಕ್ಕಿಕೊಂಡ ಬುಶ್‌ನಿಂದ. ಬಿಚ್ಚಿ ಸರಿಮಾಡಿ. ಆದರೆ ಕೆಲವು ಕಾರಿನಲ್ಲಿ ಬುಶ್ ಬಾರಿಗೇ ಅಂಟಿಸಿ ಬಂದಿರುತ್ತದೆ, ಅಂಥದ್ದು ಹೀಗೆ ತಿರುಗುವುದಿಲ್ಲ. ಅದರ ಕ್ಲಾಂಪನ್ನು ಚಕ್ರಗಳ ಮೇಲೆ ಭಾರ ಬಿದ್ದ ಮೇಲೇ ಕೊನೆಯ ಬಿಗಿ ಮಾಡಬೇಕು.

ಲಿಂಕ್‌ಗಳನ್ನು ಮೆದು ತೂತಿಗೆ ಹಾಕಿ, ಎಡ ಬಲ ಒಂದೇ ತೂತು. ಈಗ ಗಮನ ಕೊಡಬೇಕಾದದ್ದು ಪ್ರೀಲೋಡ್, ಅಂದರೆ ಕಾರು ಸುಮ್ಮನೆ ನಿಂತಾಗಲೂ ಬಾರಿನಲ್ಲಿ ಉಳಿದಿರುವ ತಿರುಚು. ಕಾರು ನೆಲದ ಮೇಲೆ ಸಮವಾಗಿ ನಿಂತಾಗ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಾಗ, ಬಾರ್ ಸ್ವಲ್ಪವೂ ತಿರುಚಿರಬಾರದು. ರ‍್ಯಾಂಪ್ ಮೇಲೆ ಚಕ್ರ ನಿಲ್ಲಿಸಿ ಒಂದು ಕಡೆಯ ಲಿಂಕ್ ಬೋಲ್ಟ್ ಹಾಕಿ, ಇನ್ನೊಂದು ಕಡೆಯದು ಬೆರಳಿನಲ್ಲೇ ತೂರುವಂತಿರಬೇಕು. ಬಾರನ್ನು ಎಳೆದು ಬಗ್ಗಿಸಿ ಹಾಕಬೇಕಾಗಿ ಬಂದರೆ ಉದ್ದ ಬದಲಿಸಬಹುದಾದ ಲಿಂಕ್ ತರಿಸಿ ಸರಿಹೊಂದಿಸಿ. ಇಲ್ಲದಿದ್ದರೆ ಕಾರು ಎಡ ತಿರುವಿಗೆ ಒಂಥರಾ, ಬಲ ತಿರುವಿಗೆ ಇನ್ನೊಂಥರಾ ನಡೆದುಕೊಳ್ಳುತ್ತದೆ.

ಎಷ್ಟು ಬಿಗಿ ಅನ್ನುವುದಕ್ಕೆ ಕಿಟ್‌ನ ಹಾಳೆ ಅಥವಾ ಸರ್ವಿಸ್ ಮ್ಯಾನುಯಲ್‌ನ ಅಂಕಿಯೇ ಕೊನೆಯ ಮಾತು. ಅಂದಾಜು ಬೇಕಿದ್ದರೆ, 8.8 ಗ್ರೇಡಿನ (ತಲೆಯ ಮೇಲೆ 8.8 ಅಂತ ಅಚ್ಚಾಗಿರುವ) ಎಂ8, ಅಂದರೆ 8 ಎಂ.ಎಂ. ದಪ್ಪದ, ಬೋಲ್ಟ್‌ಗೆ ಸಾಮಾನ್ಯವಾಗಿ 25 ನ್ಯೂಟನ್ ಮೀಟರ್, ಎಂ10ಗೆ ಸುಮಾರು 50. ಕೈಯಂದಾಜಿನಲ್ಲಿ ಬಿಗಿ ಮಾಡಿ ಸಬ್‌ಫ್ರೇಮಿನ ತೂತಿನ ಮರೆ (ಥ್ರೆಡ್) ಕಿತ್ತರೆ ರಿಪೇರಿ ಖರ್ಚು ಬಾರಿಗಿಂತ ಜಾಸ್ತಿ.

ಮುಂದಿನದನ್ನು ಗ್ಯಾರೇಜಿಗೆ ಬಿಡಿ

ಲಾರಾದಂಥ ಕಾರಿನಲ್ಲಿ ಮುಂದಿನ ಬಾರ್ ಸಬ್‌ಫ್ರೇಮಿನ ಮೇಲೆ, ಸ್ಟೀರಿಂಗ್ ರ‍್ಯಾಕ್ ಪಕ್ಕ ಅಡಗಿ ಕೂತಿರುತ್ತದೆ. ಅದನ್ನು ತೆಗೆಯಲು ಸಬ್‌ಫ್ರೇಮನ್ನೇ ಕೆಳಗಿಳಿಸಬೇಕು, ಎಂಜಿನ್‌ಗೆ ಆಧಾರ ಕೊಡಬೇಕು. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಲ್ಲಿ ಸಬ್‌ಫ್ರೇಮ್ ಬೋಲ್ಟ್‌ಗಳನ್ನು ಟಾರ್ಕ್ ಕೊಟ್ಟ ಮೇಲೆ ಇನ್ನೂ ಕಾಲು ಸುತ್ತು ತಿರುಗಿಸುವ ಪದ್ಧತಿ, ಆಗ ಬೋಲ್ಟ್ ಹಿಗ್ಗುತ್ತದೆ. ಒಮ್ಮೆ ಹಿಗ್ಗಿದ್ದನ್ನು ಮತ್ತೆ ಬಳಸಬಾರದು, ಹೊಸದೇ ಹಾಕಬೇಕು. ಗ್ಯಾರೇಜಿನಲ್ಲಿ ಇದನ್ನು ಕೇಳಿ, ಹೊಸ ಬೋಲ್ಟ್‌ನ ಬಿಲ್ ತೋರಿಸಲು ಹೇಳಿ. ಸ್ಟೀರಿಂಗ್ ಜಾಯಿಂಟ್ ಬಿಚ್ಚುವುದಾದರೆ ಚಕ್ರ ನೇರ ಇಟ್ಟು, ಸ್ಟೀರಿಂಗ್ ಅಲ್ಲಾಡದಂತೆ ಲಾಕ್ ಮಾಡಿರಬೇಕು. ಅದು ಸುತ್ತು ತಿರುಗಿದರೆ ಏರ್‌ಬ್ಯಾಗ್‌ಗೆ ಹೋಗುವ ಸುರುಳಿ ಕೇಬಲ್ ಹರಿಯುತ್ತದೆ. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಷ್ಟೆಲ್ಲ ಇರುವುದರಿಂದ ಹಿಂದಿನ ಬಾರ್ ಸಾಕಾಯಿತು ಅನ್ನಿಸಿದರೆ ಮುಂದಿನದನ್ನು ಬಿಟ್ಟುಬಿಡಿ ಅಂತಲೇ ನನ್ನ ಸಲಹೆ.

ಓಡಿಸಿ ನೋಡುವುದು

ಮೊದಲ 20 ಕಿಲೋಮೀಟರ್ ಊರೊಳಗೆ ಮೆಲ್ಲಗೆ ಓಡಿಸಿ. ವಾಪಸ್ ಬಂದು ಎಲ್ಲ ನಟ್ಟು ಬೋಲ್ಟ್‌ಗೆ ಮತ್ತೆ ಟಾರ್ಕ್ ರೆಂಚ್ ಹಾಕಿ. ಕೆಳಗೆ ನೋಡಿ, ಬಾರ್ ಎಲ್ಲಾದರೂ ಬ್ರೇಕ್ ಪೈಪ್‌ಗೋ ಸ್ಪ್ರಿಂಗ್‌ಗೋ ಉಜ್ಜಿದ ಗುರುತು ಇದೆಯಾ ಅಂತ.

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಹೋಗಿ ಕಾರಿನ ಮಿತಿ ಹುಡುಕಬೇಡಿ. ಎದುರಿನಿಂದ ಬಸ್ಸು ಬರುವ ರಸ್ತೆ ಅದು. ಅನುಮತಿ ಇರುವ ದೊಡ್ಡ ಖಾಲಿ ಜಾಗ ಸಿಕ್ಕರೆ 20 ಮೀಟರ್ ತ್ರಿಜ್ಯದ ವೃತ್ತ ಗುರುತು ಮಾಡಿ, ಸುತ್ತು ಹೊಡೆಯಿರಿ. ಅಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗಕ್ಕೆ ಅರ್ಧ ಜಿ ಬರುತ್ತದೆ, ಮೇಲೆ ಲೆಕ್ಕ ಹಾಕಿದೆವಲ್ಲ, ಆ 250 ಕೆಜಿ ಸರಿಯುವ ಸ್ಥಿತಿ. ವೇಗವನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಮೂತಿ ಮೊದಲು ಜಾರುತ್ತದಾ, ಬಾಲವಾ? ಆಮೇಲೆ ಅದೇ ವೇಗದಲ್ಲಿ ಆಕ್ಸಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಿರಿ. ಮೂತಿ ಸ್ವಲ್ಪ ಒಳಗೆ ಬಂದು ಕಾರು ನೆಮ್ಮದಿಯಾಗಿ ಸಾಲು ಹಿಡಿದರೆ ಸೆಟ್ಟಿಂಗ್ ಸರಿ. ಬಾಲ ಚುರುಕಾಗಿ ಹೊರಗೆ ಬಂದರೆ ಬಾರ್ ಜಾಸ್ತಿಯಾಯಿತು, ಮೆದು ಮಾಡಿ. ಮೆದು ತೂತಿನಲ್ಲೇ ಹೀಗಾದರೆ ಹಳೆಯ ಬಾರ್ ವಾಪಸ್ ಹಾಕುವುದು ಒಳ್ಳೆಯದು. ಕಾರು ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಇಎಸ್‌ಸಿ, ಇದ್ದರೆ ಆನ್ ಇರಲಿ. ಇನ್ನೂ ಜೋರಾಗಿ ನೋಡುವ ಆಸೆ ಇದ್ದವರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲೋ ಟ್ರ್ಯಾಕ್ ಡೇ (ಸಾಮಾನ್ಯ ಜನ ತಮ್ಮ ಕಾರು ಓಡಿಸಬಹುದಾದ ದಿನ) ಇದ್ದಾಗ ಹೋಗಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ತೂತನ್ನೂ ಬದಲಿಸಿ ಟೈರ್ ಗಾಳಿಯನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಗಾಳಿ, ತೂತು, ಕಾರಿನಲ್ಲಿ ಎಷ್ಟು ಜನ, ರಸ್ತೆ ಒದ್ದೆಯಾ ಒಣಗಿದೆಯಾ, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ.

ಮಳೆಗಾಲದ್ದೇ ಬೇರೆ ಲೆಕ್ಕ. ಒಣ ರಸ್ತೆಯಲ್ಲಿ ಚೂಪಾಗಿ ತಿರುಗುವ ಕಾರು ಒದ್ದೆಯಲ್ಲಿ, ಅದೂ ಹಿಂದಿನ ಸೀಟು ಖಾಲಿ ಇದ್ದಾಗ, ಬಾಲ ಬೇಗ ಬಿಡುತ್ತದೆ. ಜೂನ್ ಬಂದ ಕೂಡಲೇ ಹಿಂದಿನ ಬಾರನ್ನು ಮೆದು ತೂತಿಗೆ ಇಳಿಸಿ, ಅರ್ಧ ಗಂಟೆಯ ಕೆಲಸ. ಹಿಂದಿನ ಟೈರುಗಳಲ್ಲಿ ನೆಲ ಕಚ್ಚುವ ಗೀರುಗಳು ಚೆನ್ನಾಗಿರಲಿ, ಸವೆದದ್ದನ್ನು ಹಿಂದಕ್ಕೆ ಹಾಕುವ ಅಭ್ಯಾಸ ಇದ್ದರೆ ಬಿಡಿ. ಮನೆಯಲ್ಲಿ ಬೇರೆಯವರೂ ಅದೇ ಕಾರು ಓಡಿಸುತ್ತಾರೆ ಅಂದರೆ ಕಾರು ಈಗ ಹೇಗೆ ತಿರುಗುತ್ತದೆ ಅಂತ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.

ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಲಿಂಕ್ ಮತ್ತು ಕ್ಲಾಂಪ್ ನೋಡಿಸಿ. ಕಿರ್ ಕಿರ್ ಅಂದರೆ ಪಾಲಿ ಬುಶ್‌ಗೆ ಗ್ರೀಸ್ ಬೇಕು. ಟಕ್ ಟಕ್ ಅಂದರೆ ಲಿಂಕ್ ನಟ್ ಸಡಿಲ. ದಪ್ಪ ಬಾರ್ ಕ್ಲಾಂಪ್ ಜಾಗದ ಮೇಲೆ ಮೊದಲಿಗಿಂತ ಜಾಸ್ತಿ ಎಳೆತ ಹಾಕುತ್ತದೆ, ಆ ಬೋಲ್ಟ್‌ಗಳ ಸುತ್ತ ಬಣ್ಣ ಬಿರುಕು ಬಿಟ್ಟಿದೆಯಾ ಅಂತ ಒರೆಸಿ ನೋಡಿ. ಬಣ್ಣದ ಗೀರಿನ ಕೆಳಗೆ ಲೋಹದ ಬಿರುಕು ಇರಬಹುದು.

ಕಾಗದಪತ್ರದ ಬಗ್ಗೆ ಎರಡು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡಿಗೆ ಅಡ್ಡ ಬರುತ್ತದೆ. ಆರ್‌ಸಿಯಲ್ಲಿ ಆಂಟಿ-ರೋಲ್ ಬಾರಿನ ಅಳತೆ ಬರೆದಿರುವುದಿಲ್ಲ, ಆದರೂ ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಉತ್ತರ ಇಟ್ಟುಕೊಳ್ಳಿ. ವಾರಂಟಿ ಇನ್ನೂ ಇರುವ ಕಾರಾದರೆ ಸರ್ವಿಸ್ ಸೆಂಟರ್‌ನಲ್ಲಿ ಮೊದಲೇ ಕೇಳಿ. ಹಳೆಯ ಬಾರ್, ಕ್ಲಾಂಪ್, ಬೋಲ್ಟ್‌ಗಳನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ, ಕಾರು ಮಾರುವಾಗ ಕೊಳ್ಳುವವರು ಮೂಲ ಬಾರನ್ನೇ ಕೇಳಬಹುದು.